ಪಾಸ್‌ವರ್ಡ್ ಸರಿ ಇದ್ದರೂ ಸಿ$ ಯಾಕೆ ತೆರೆಯುವುದಿಲ್ಲ?

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಹತ್ತು ಹನ್ನೆರಡು ವಿಂಡೋಸ್ ಕಂಪ್ಯೂಟರ್‌ಗಳಿವೆ. ಡೊಮೇನ್ ಇಲ್ಲ, ಅಂದರೆ ಎಲ್ಲರ ಅಕೌಂಟ್ ಒಂದೇ ಕಡೆ ನೋಡಿಕೊಳ್ಳುವ ಸರ್ವರ್ ಇಲ್ಲ, ಎಲ್ಲ ಒಂದೇ ವರ್ಕ್‌ಗ್ರೂಪ್. ಎಲ್ಲದರಲ್ಲೂ ನನ್ನದೊಂದು ಅಡ್ಮಿನ್ ಅಕೌಂಟ್ ಇದೆ, ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಕೂತಲ್ಲಿಂದಲೇ ಇನ್ನೊಂದು ಕಂಪ್ಯೂಟರಿನ ಸಿ ಡ್ರೈವ್ ನೋಡೋಣ ಅಂತ ಅದರ ಹೆಸರಿನ ಮುಂದೆ ಸಿ$ ಸೇರಿಸಿ ಕೊಟ್ಟರೆ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಸರಿಯಾಗಿ ಕೊಟ್ಟರೂ 'ಆಕ್ಸೆಸ್ ಈಸ್ ಡಿನೈಡ್'. ಅದೇ ಕಂಪ್ಯೂಟರಿನಲ್ಲಿ ನಾನು ಶೇರ್ ಮಾಡಿಟ್ಟ ಫೋಲ್ಡರ್ ಮಾತ್ರ ಆರಾಮಾಗಿ ತೆರೆಯುತ್ತದೆ. ಇನ್ನೊಂದು ವಿಚಿತ್ರ, ಒಂದೇ ಒಂದು ಹಳೇ ಕಂಪ್ಯೂಟರಿನ ಸಿ$ ತೆರೆಯುತ್ತದೆ. ಅಲ್ಲಿ 'ಅಡ್ಮಿನಿಸ್ಟ್ರೇಟರ್' ಅನ್ನುವ ಅಕೌಂಟ್ ಕೊಡುತ್ತೇನೆ. ಮಿಕ್ಕವನ್ನು ತೆರೆಯುವುದು ಹೇಗೆ? ಹೀಗೆ ತೆರೆದಿಟ್ಟರೆ ಅಪಾಯ ಇದೆಯಾ?

ಉತ್ತರ: ಪಾಸ್‌ವರ್ಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಸರಿಯಾಗೇ ಇದೆ. 'ಆಕ್ಸೆಸ್ ಈಸ್ ಡಿನೈಡ್' ಅಂತ ಬಂದದ್ದೇ ಅದಕ್ಕೆ ಸಾಕ್ಷಿ. ತಪ್ಪಿದ್ದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ಸರಿ ಇಲ್ಲ ಅಂತಲೇ ಹೇಳುತ್ತಿತ್ತು. ಆ ಕಡೆಯ ಕಂಪ್ಯೂಟರ್ ನಿಮ್ಮ ಗುರುತು ಹಿಡಿದಿದೆ, ಲಾಗಿನ್ ಕೂಡ ಆಗಲು ಬಿಟ್ಟಿದೆ, ಆದರೆ ನಿಮ್ಮ ಅಡ್ಮಿನ್ ಅಧಿಕಾರವನ್ನು ಬಾಗಿಲಲ್ಲೇ ಕಳಚಿಟ್ಟು ಬರೀ ಮಾಮೂಲಿ ಯೂಸರ್ ಥರ ಒಳಗೆ ಕರೆದುಕೊಂಡಿದೆ. ಸಿ$ ತೆರೆಯಲು ಅಡ್ಮಿನ್ ಆಗಿರಲೇಬೇಕು. ನೀವು ಶೇರ್ ಮಾಡಿದ ಫೋಲ್ಡರಿಗೆ ಅದು ಬೇಕಿಲ್ಲ. ಅದಕ್ಕೇ ಒಂದು ತೆರೆಯುತ್ತದೆ, ಇನ್ನೊಂದು ತೆರೆಯುವುದಿಲ್ಲ.

(ಕೆಳಗೆ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.)

ಮೊದಲು ಈ ಸಿ$ ಎಲ್ಲಿಂದ ಬಂತು ಅಂತ ನೋಡೋಣ. ಯಾರೂ ಶೇರ್ ಮಾಡದಿದ್ದರೂ ವಿಂಡೋಸ್ ತಾನೇ ಕೆಲವು ಶೇರ್‌ಗಳನ್ನು ಮಾಡಿಕೊಳ್ಳುತ್ತದೆ. ಆ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ನೆಟ್ ಶೇರ್' ಅಂತ ಕೊಡಿ, ಪಟ್ಟಿ ಕಾಣುತ್ತದೆ. ಒಳಗಿನ ಡಿಸ್ಕಿನ ಪ್ರತಿ ಡ್ರೈವ್‌ಗೂ ಒಂದೊಂದು, ಅಂದರೆ ಸಿ$, ಡಿ$ ಹೀಗೆ. ಅಡ್ಮಿನ್$ ಅನ್ನುವುದು ವಿಂಡೋಸ್ ಇನ್‌ಸ್ಟಾಲ್ ಆಗಿರುವ ಫೋಲ್ಡರ್. ಐಪಿಸಿ$ ಅನ್ನುವುದರಲ್ಲಿ ಫೈಲೇ ಇರುವುದಿಲ್ಲ, ಎರಡು ಕಂಪ್ಯೂಟರಿನ ಪ್ರೋಗ್ರಾಂಗಳು ಮಾತಾಡಿಕೊಳ್ಳುವ ದಾರಿ ಅದು. ಪ್ರಿಂಟರ್ ಶೇರ್ ಮಾಡಿದ್ದರೆ ಪ್ರಿಂಟ್$ ಕೂಡ ಇರುತ್ತದೆ, ಡ್ರೈವರ್‌ಗಳು ಅಲ್ಲಿಂದ ಹೋಗುತ್ತವೆ.

ಕೊನೆಯಲ್ಲಿ ಡಾಲರ್ ಚಿಹ್ನೆ ಇದ್ದರೆ ಶೇರ್ ಅಡಗಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಭದ್ರತೆ ಅಂತ ತಿಳಿಯಬೇಡಿ. ಶೇರ್‌ಗಳ ಪಟ್ಟಿ ಕೇಳಿದಾಗ ಆ ಕಡೆಯ ಕಂಪ್ಯೂಟರ್ ಡಾಲರ್ ಇರುವುದನ್ನೂ ಸೇರಿಸಿಯೇ ಕೊಡುತ್ತದೆ, ಈ ಕಡೆಯ ಎಕ್ಸ್‌ಪ್ಲೋರರ್ ಅದನ್ನು ತೋರಿಸದೆ ಸುಮ್ನೆ ಇರುತ್ತದೆ ಅಷ್ಟೇ. ಲಿನಕ್ಸ್‌ನಿಂದ ಸಾಂಬಾ ಅನ್ನುವ ಫೈಲ್ ಶೇರಿಂಗ್ ಸಾಫ್ಟ್‌ವೇರ್ ಬಳಸಿ ಪಟ್ಟಿ ಕೇಳಿ ನೋಡಿ, ಸಿ$, ಅಡ್ಮಿನ್$ ಎಲ್ಲ ಕಣ್ಣಿಗೆ ಬೀಳುತ್ತವೆ. ನಿಜವಾಗಿ ಕಾಯುತ್ತಿರುವುದು ಅಡ್ಮಿನ್ ಮಾತ್ರ ಒಳಗೆ ಬರಬೇಕು ಅನ್ನುವ ನಿಯಮ. ಆ ನಿಯಮವನ್ನು ಮಾಮೂಲಿ ಶೇರ್‌ನಲ್ಲಿ ಬದಲಾಯಿಸುವ ಹಾಗೆ ಇಲ್ಲಿ ಬದಲಾಯಿಸಲು ಬರುವುದಿಲ್ಲ.

ಈಗ ನಿಮ್ಮ ಸಮಸ್ಯೆಯ ಬುಡಕ್ಕೆ ಬರೋಣ. ವಿಂಡೋಸ್ ವಿಸ್ಟಾ ಬಂದಾಗಿನಿಂದ ಯುಎಸಿ ಅನ್ನುವುದು ಇದೆ, 'ಈ ಪ್ರೋಗ್ರಾಂಗೆ ಬದಲಾವಣೆ ಮಾಡಲು ಅನುಮತಿ ಕೊಡುತ್ತೀರಾ' ಅಂತ ಕೇಳುತ್ತದಲ್ಲ, ಅದೇ. ಕಂಪ್ಯೂಟರ್ ಮುಂದೆ ಕೂತಿದ್ದರೆ ನೀವು 'ಯೆಸ್' ಒತ್ತುತ್ತೀರಿ, ಆಗ ಪೂರ್ತಿ ಅಧಿಕಾರ ಸಿಗುತ್ತದೆ. ನೆಟ್‌ವರ್ಕಿನಲ್ಲಿ ಬಂದವರಿಗೆ ಈ ಪ್ರಶ್ನೆ ಕೇಳುವುದು ಹೇಗೆ? ಪರದೆ ಇರುವುದು ಅಲ್ಲಿ, ನೀವಿರುವುದು ಇಲ್ಲಿ. ಹಾಗಾಗಿ ವಿಂಡೋಸ್ ಕೇಳುವ ಗೋಜಿಗೇ ಹೋಗುವುದಿಲ್ಲ. ಆ ಕಂಪ್ಯೂಟರಿನಲ್ಲೇ ಮಾಡಿದ ಲೋಕಲ್ ಅಕೌಂಟಿನಿಂದ ಯಾರಾದರೂ ನೆಟ್‌ವರ್ಕ್ ಮೂಲಕ ಬಂದರೆ, ಅವರು ಅಡ್ಮಿನ್ ಗುಂಪಿನಲ್ಲಿದ್ದರೂ ಆ ಅಧಿಕಾರ ಸೋಸಿಹೋಗಿರುತ್ತದೆ.

ಡೊಮೇನ್ ಅಕೌಂಟಿಗೆ ಈ ಸೋಸುವಿಕೆ ಇಲ್ಲ. ದೊಡ್ಡ ಕಚೇರಿಗಳಲ್ಲಿ ಸಿ$ ತೊಂದರೆಯಿಲ್ಲದೆ ತೆರೆಯುವುದು ಅದಕ್ಕೇ, ಅಲ್ಲಿಯವರಿಗೆ ನಿಮ್ಮ ಗೋಳು ಅರ್ಥವೇ ಆಗುವುದಿಲ್ಲ.

ಇನ್ನೊಂದು ವಿನಾಯಿತಿ ನಿಮ್ಮ ಹಳೇ ಕಂಪ್ಯೂಟರಿನ ಗುಟ್ಟು. ವಿಂಡೋಸ್ ಜೊತೆಯಲ್ಲೇ ಹುಟ್ಟುವ 'ಅಡ್ಮಿನಿಸ್ಟ್ರೇಟರ್' ಅಕೌಂಟ್ ಇದೆಯಲ್ಲ, ಅದನ್ನು ಯುಎಸಿ ಮಾಮೂಲಾಗಿ ಮುಟ್ಟುವುದೇ ಇಲ್ಲ. ಅದರ ಒಳಗಿನ ಗುರುತಿನ ಸಂಖ್ಯೆ, ಅಂದರೆ ಎಸ್‌ಐಡಿ, ಯಾವಾಗಲೂ 500 ಅಂತ ಮುಗಿಯುತ್ತದೆ. ಹೆಸರು ಬದಲಾಯಿಸಿದರೂ ಅದು ಬದಲಾಗುವುದಿಲ್ಲ. ವಿಸ್ಟಾದ ನಂತರದ ವಿಂಡೋಸ್‌ಗಳಲ್ಲಿ ಈ ಅಕೌಂಟ್ ಬಂದ್ ಆಗಿಯೇ ಬರುತ್ತದೆ, ಯಾರೋ ಬೇಕು ಅಂತಲೇ ಚಾಲೂ ಮಾಡಬೇಕು. ನಿಮ್ಮ ಆ ಕಂಪ್ಯೂಟರಿನಲ್ಲಿ ಯಾರೋ ಎಂದೋ ಚಾಲೂ ಮಾಡಿ ಹಾಗೇ ಬಿಟ್ಟಿದ್ದಾರೆ. ಅಲ್ಲಿ 'ನೆಟ್ ಯೂಸರ್ ಅಡ್ಮಿನಿಸ್ಟ್ರೇಟರ್' ಅಂತ ಕೊಟ್ಟು 'ಅಕೌಂಟ್ ಆಕ್ಟಿವ್' ಅನ್ನುವ ಸಾಲು ನೋಡಿ. ಯೆಸ್ ಅಂತ ಇರುತ್ತದೆ. ಇದನ್ನು ಮಿಕ್ಕ ಕಂಪ್ಯೂಟರ್‌ಗಳಿಗೂ ಹಚ್ಚೋಣ ಅಂತ ನಿಮಗೆ ಅನ್ನಿಸಬಹುದು, ಬೇಡ. ಆ ಹೆಸರು ಇಡೀ ಜಗತ್ತಿಗೇ ಗೊತ್ತು, ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಮೊದಲು ಬಡಿಯುವುದೇ ಆ ಹೆಸರನ್ನು. ಅದರ ಮೇಲೆ ಎಷ್ಟು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೂ ಅದು ಲಾಕ್ ಆಗುತ್ತಿರಲಿಲ್ಲ, ಲಾಕ್ ಮಾಡುವ ಪಾಲಿಸಿಯನ್ನು ಮೈಕ್ರೋಸಾಫ್ಟ್ ಕೊಟ್ಟಿದ್ದು 2022ರ ಅಕ್ಟೋಬರ್ ಅಪ್‌ಡೇಟ್‌ನಲ್ಲಿ. ಹಳೇ ಕಂಪ್ಯೂಟರಿಗೆ ಆ ಅಪ್‌ಡೇಟ್ ಬಂದಿದೆಯೋ ಇಲ್ಲವೋ, ಬಂದಿದ್ದರೂ ಆ ಪಾಲಿಸಿ ಚಾಲೂ ಇದೆಯೋ ಇಲ್ಲವೋ.

ಮುಂದಕ್ಕೆ ಹೋಗುವ ಮೊದಲು ನಿಮ್ಮದು ಇದೇ ಸಮಸ್ಯೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಎಕ್ಸ್‌ಪ್ಲೋರರ್ ಕೊಡುವ ಸಂದೇಶ ಒಂದನ್ನೇ ನಂಬಿ ಕೂರಬೇಡಿ, ಸಂಖ್ಯೆ ನೋಡಿದರೆ ಕಾರಣ ಇನ್ನೂ ಸ್ಪಷ್ಟವಾಗುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಹೀಗೆ ಕೊಡಿ:

ನೆಟ್ ಯೂಸ್ \\ಪಿಸಿ5\ಸಿ$ /ಯೂಸರ್:ಪಿಸಿ5\ನಿಮ್ಮ‌ಅಕೌಂಟ್ *

ಪಿಸಿ5 ಇರುವ ಕಡೆ ಆ ಕಂಪ್ಯೂಟರಿನ ಹೆಸರು. ಅಕೌಂಟಿನ ಹಿಂದೆಯೂ ಅದೇ ಹೆಸರು ಹಾಕಿ, ಆಗ ಯಾವ ಕಂಪ್ಯೂಟರಿನ ಅಕೌಂಟ್ ಅನ್ನುವ ಗೊಂದಲ ಇರುವುದಿಲ್ಲ. ಕೊನೆಯ ನಕ್ಷತ್ರ ಚಿಹ್ನೆ ಯಾಕೆ ಅಂದರೆ ಪಾಸ್‌ವರ್ಡನ್ನು ಆಮೇಲೆ ಕೇಳುತ್ತದೆ, ಪರದೆ ಮೇಲೆ ಕಾಣುವುದಿಲ್ಲ. ಈಗ ತಪ್ಪಾದರೆ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ಮುಖ್ಯ.

5 ಬಂದರೆ ನಾನು ಹೇಳಿದ್ದೇ, ಅಧಿಕಾರ ಸೋಸಿಹೋಗಿದೆ, ಇಲ್ಲವೇ ಆ ಅಕೌಂಟ್ ಅಲ್ಲಿ ಅಡ್ಮಿನ್ ಅಲ್ಲವೇ ಅಲ್ಲ. 53 ಬಂದರೆ ಕಂಪ್ಯೂಟರ್ ಸಿಗುತ್ತಲೇ ಇಲ್ಲ. ಹೆಸರು ತಪ್ಪಿರಬಹುದು, ಜಾಸ್ತಿ ಸಲ ಫೈರ್‌ವಾಲ್. ಪವರ್‌ಶೆಲ್‌ನಲ್ಲಿ 'ಟೆಸ್ಟ್-ನೆಟ್‌ಕನೆಕ್ಷನ್ ಪಿಸಿ5 -ಪೋರ್ಟ್ 445' ಕೊಟ್ಟರೆ ತಿಳಿಯುತ್ತದೆ, ಯಾಕೆಂದರೆ ಇಡೀ ವ್ಯವಹಾರ ನಡೆಯುವುದು ಟಿಸಿಪಿ 445ನೇ ಪೋರ್ಟ್‌ನಲ್ಲಿ. ಆ ಕಡೆಯ ಕಂಪ್ಯೂಟರ್ ತನ್ನ ನೆಟ್‌ವರ್ಕನ್ನು 'ಪಬ್ಲಿಕ್' ಅಂತ ಅಂದುಕೊಂಡಿದ್ದರೆ ಫೈಲ್ ಮತ್ತು ಪ್ರಿಂಟರ್ ಶೇರಿಂಗ್ ದಾರಿ ಮುಚ್ಚಿರುತ್ತದೆ, 'ಪ್ರೈವೇಟ್' ಮಾಡಿ. 67 ಅಂದರೆ ಕಂಪ್ಯೂಟರ್ ಸಿಕ್ಕಿತು, ಆ ಹೆಸರಿನ ಶೇರ್ ಇಲ್ಲ. ಯಾರೋ ಸಿ$ ತೆಗೆದುಹಾಕಿದ್ದಾರೆ. 1326 ಅಂದರೆ ನಿಜಕ್ಕೂ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪು. ಪಾಸ್‌ವರ್ಡ್ ಖಾಲಿ ಬಿಟ್ಟ ಅಕೌಂಟ್ ಆದರೆ 1327 ಬರುತ್ತದೆ. ಖಾಲಿ ಪಾಸ್‌ವರ್ಡಿನ ಅಕೌಂಟಿಗೆ ಕಂಪ್ಯೂಟರ್ ಮುಂದೆ ಕೂತವರು ಮಾತ್ರ ಲಾಗಿನ್ ಆಗಬಹುದು, ನೆಟ್‌ವರ್ಕಿನಿಂದ ಬರುವ ಹಾಗಿಲ್ಲ.

ಇವೆಲ್ಲಕ್ಕಿಂತ ಜಾಸ್ತಿ ಕಾಡುವುದು 1219. ನಿಮಗೂ ಇದು ಬರುವ ಸಾಧ್ಯತೆ ಇದೆ, ಯಾಕೆಂದರೆ ನೀವು ಅದೇ ಕಂಪ್ಯೂಟರಿನ ಶೇರ್ಡ್ ಫೋಲ್ಡರನ್ನು ಆಗಲೇ ತೆರೆದಿಟ್ಟಿರುತ್ತೀರಿ. ಒಂದು ಕಂಪ್ಯೂಟರಿಗೆ ಒಂದೇ ಹೊತ್ತಿನಲ್ಲಿ ಎರಡು ಬೇರೆ ಬೇರೆ ಯೂಸರ್‌ನೇಮ್‌ನಿಂದ ಹೋಗಲು ವಿಂಡೋಸ್ ಬಿಡುವುದಿಲ್ಲ. ಮೊದಲು ಬರೀ 'ನೆಟ್ ಯೂಸ್' ಅಂತ ಕೊಟ್ಟು ಯಾವ ಯಾವ ಸಂಪರ್ಕ ಇದೆ ನೋಡಿ, ಬೇಡದ್ದನ್ನು 'ನೆಟ್ ಯೂಸ್ \\ಪಿಸಿ5\ಐಪಿಸಿ$ /ಡಿಲೀಟ್' ಥರ ಒಂದೊಂದಾಗಿ ಕಡಿಯಿರಿ. ಕಂಪ್ಯೂಟರ್ ಮತ್ತು ಶೇರ್ ಹೆಸರು ಎರಡರ ಜಾಗದಲ್ಲೂ ಬರೀ ಒಂದು ನಕ್ಷತ್ರ ಚಿಹ್ನೆ ಕೊಟ್ಟರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ, ಮ್ಯಾಪ್ ಮಾಡಿದ ಡ್ರೈವ್‌ಗಳೂ ಹೋಗುತ್ತವೆ, ಹುಷಾರು. ಒಂದು ಅಡ್ಡದಾರಿಯೂ ಇದೆ. ಹೆಸರಿನ ಬದಲು ಐಪಿ ಅಡ್ರೆಸ್ ಕೊಡಿ. ಎರಡೂ ಒಂದೇ ಕಂಪ್ಯೂಟರ್ ಅಂತ ವಿಂಡೋಸ್‌ಗೆ ಹೊಳೆಯುವುದಿಲ್ಲ, ಬೇರೆ ಅಂದುಕೊಂಡು ಬಿಟ್ಟುಬಿಡುತ್ತದೆ.

ಮೈಕ್ರೋಸಾಫ್ಟ್ ಅಕೌಂಟಿನಿಂದ, ಅಂದರೆ ಇಮೇಲ್ ಕೊಟ್ಟು ಲಾಗಿನ್ ಆಗುವ ಕಂಪ್ಯೂಟರ್ ಆದರೆ ನಾಲ್ಕಂಕಿಯ ಪಿನ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು. ಇಂಥ ಕಡೆ ಅದರಲ್ಲೊಂದು ಲೋಕಲ್ ಅಕೌಂಟ್ ಮಾಡಿಕೊಳ್ಳುವುದೇ ಒಳ್ಳೆಯದು.

ಸರಿ, 5 ಬಂತು ಅಂತಿಟ್ಟುಕೊಳ್ಳಿ. ಇದಕ್ಕೆ ಮದ್ದು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಒಂದು ಕೀಲಿ. ಇದನ್ನು ನೀವು ತೆರೆಯಬೇಕಾದ ಆ ಕಂಪ್ಯೂಟರಿನಲ್ಲಿ ಹಾಕಬೇಕು. ತಮ್ಮದರಲ್ಲಿ ಹಾಕಿಕೊಂಡು ಏನೂ ಆಗಲಿಲ್ಲ ಅನ್ನುವವರೇ ಜಾಸ್ತಿ. ರೆಜ್‌ಎಡಿಟ್ ತೆರೆದು ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಪಾಲಿಸೀಸ್, ಸಿಸ್ಟಂ, ಹೀಗೆ ಇಳಿಯಿರಿ. ಅಲ್ಲಿ ಹೊಸದಾಗಿ 32 ಬಿಟ್‌ನ ಡಿವರ್ಡ್ ಒಂದು ಮಾಡಿ 'ಲೋಕಲ್‌ಅಕೌಂಟ್‌ಟೋಕನ್‌ಫಿಲ್ಟರ್‌ಪಾಲಿಸಿ' ಅಂತ ಹೆಸರಿಡಿ, ಐದೂ ಪದ ಒಟ್ಟಿಗೆ, ಮಧ್ಯೆ ಜಾಗ ಬಿಡದೆ. ಬೆಲೆ 1. ಆಮೇಲೆ ಹಳೇ ಸಂಪರ್ಕ ಕಡಿದು ಮತ್ತೆ ನೆಟ್ ಯೂಸ್ ಕೊಟ್ಟು ನೋಡಿ. ಬೇಡ ಅನ್ನಿಸಿದ ದಿನ ಬೆಲೆ 0 ಮಾಡಿ ಅಥವಾ ಆ ಸಾಲನ್ನೇ ಅಳಿಸಿ, ಮೊದಲಿನ ಹಾಗೆ ಆಗುತ್ತದೆ.

ಎಲ್ಲ ಕಂಪ್ಯೂಟರ್‌ಗಳಲ್ಲೂ ಒಮ್ಮೆ ಆ ಜಾಗವನ್ನು ನೋಡಿಬಿಡಿ. ಕೆಲವದರಲ್ಲಿ ಆಗಲೇ 1 ಇರಬಹುದು. ಡೊಮೇನ್ ಇಲ್ಲದ ಕಂಪ್ಯೂಟರಿನಲ್ಲಿ ಪವರ್‌ಶೆಲ್‌ನ ರಿಮೋಟಿಂಗ್, ಅಂದರೆ ದೂರದಿಂದ ಕಮಾಂಡ್ ಓಡಿಸುವ ಸೌಲಭ್ಯ, ಚಾಲೂ ಮಾಡಿದರೆ ಆ ಕಮಾಂಡೇ ಇದನ್ನೂ 1 ಮಾಡಿಬಿಡುತ್ತದೆ, ಆಮೇಲೆ ರಿಮೋಟಿಂಗ್ ನಿಲ್ಲಿಸಿದರೂ ಇದು ಹಾಗೇ ಉಳಿಯುತ್ತದೆ, ಕೈಯಾರೆ ವಾಪಸ್ ಮಾಡಬೇಕು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಅಪಾಯ ಇದೆಯಾ ಅಂದರೆ, ಇದೆ. ಸಿ$ಗಿಂತ ಜಾಸ್ತಿ ಅಪಾಯ ಇರುವುದು ನೀವು ಪ್ರಶ್ನೆಯಲ್ಲಿ ಹೆಮ್ಮೆಯಿಂದಲೇ ಬರೆದ 'ಒಂದೇ ಹೆಸರು, ಒಂದೇ ಪಾಸ್‌ವರ್ಡ್' ಅನ್ನುವುದರಲ್ಲಿ. ಅಧಿಕಾರ ಸೋಸುವ ಏರ್ಪಾಟನ್ನು ಮೈಕ್ರೋಸಾಫ್ಟ್ ಸುಮ್ನೆ ಕಾಟ ಕೊಡಲು ಇಟ್ಟಿಲ್ಲ, ಇಂಥ ಕಚೇರಿಗಳಲ್ಲಿ ಅದು ದೊಡ್ಡ ಬೇಲಿ.

ವಿಂಡೋಸ್ ನಿಮ್ಮ ಪಾಸ್‌ವರ್ಡನ್ನು ಹ್ಯಾಶ್ ರೂಪದಲ್ಲಿ, ಅಂದರೆ ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಒಂದು ಸಂಖ್ಯೆಯಾಗಿ, ಇಟ್ಟುಕೊಳ್ಳುತ್ತದೆ. ಎನ್‌ಟಿ ಹ್ಯಾಶ್ ಅನ್ನುವ ಈ ಸಂಖ್ಯೆಗೆ ಸಾಲ್ಟ್, ಅಂದರೆ ಒಂದೊಂದು ಕಡೆ ಒಂದೊಂದು ಥರ ಆಗುವ ಬೆರಕೆ, ಸೇರಿಸುವುದಿಲ್ಲ, ಹಾಗಾಗಿ ಒಂದೇ ಪಾಸ್‌ವರ್ಡ್ ಇದ್ದರೆ ಎಲ್ಲ ಕಂಪ್ಯೂಟರಿನಲ್ಲೂ ಹ್ಯಾಶ್ ಒಂದೇ. ವರ್ಕ್‌ಗ್ರೂಪ್‌ನಲ್ಲಿ ಲಾಗಿನ್ ನಡೆಯುವುದು ಎನ್‌ಟಿಎಲ್‌ಎಂ ಪದ್ಧತಿಯಲ್ಲಿ, ಅದಕ್ಕೆ ಮೂಲ ಪಾಸ್‌ವರ್ಡ್ ಬೇಕಾಗಿಯೂ ಇಲ್ಲ, ಹ್ಯಾಶ್ ಕೈಗೆ ಸಿಕ್ಕರೆ ಸಾಕು. ಅಂದರೆ ಯಾರೋ ಒಬ್ಬರು ಯಾವುದೋ ಅಟ್ಯಾಚ್‌ಮೆಂಟ್ ತೆರೆದು ಒಂದು ಕಂಪ್ಯೂಟರ್ ಕೆಟ್ಟಿತು, ಅದರಲ್ಲಿ ನಿಮ್ಮ ಅಕೌಂಟಿನ ಹ್ಯಾಶ್ ಸಿಕ್ಕಿತು ಅಂದರೆ, ಆ ಕೀಲಿ 1 ಇರುವ ಮಿಕ್ಕ ಎಲ್ಲ ಕಂಪ್ಯೂಟರಿನ ಅಡ್ಮಿನ್$ ಬಾಗಿಲೂ ಅದರಿಂದಲೇ ತೆರೆಯುತ್ತದೆ. ಅಲ್ಲಿ ಒಂದು ಫೈಲ್ ಹಾಕಿ ಅದನ್ನು ಸರ್ವಿಸ್ ಆಗಿ ಓಡಿಸುವುದು ಆಮೇಲೆ ದೊಡ್ಡ ಮಾತಲ್ಲ. ಪಿಎಸ್‌ಎಕ್ಸೆಕ್ ಅನ್ನುವ ಮೈಕ್ರೋಸಾಫ್ಟಿನದೇ ಸಾಧನ ಕೆಲಸ ಮಾಡುವುದು ಹೀಗೇ.

ಇದು ಬರೀ ಊಹೆಯ ಮಾತಲ್ಲ. 2008ರ ಕೊನೆಯಲ್ಲಿ ಬಂದ ಕಾನ್‌ಫಿಕರ್ ಹುಳು ಸುಲಭದ ಪಾಸ್‌ವರ್ಡ್‌ಗಳ ಪಟ್ಟಿ ಇಟ್ಟುಕೊಂಡು ಅಡ್ಮಿನ್$ ಬಡಿಯುತ್ತಿತ್ತು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಅನ್ನುವ ಹುಳು ಒಂದು ಕಂಪ್ಯೂಟರಿನ ಮೆಮೊರಿಯಿಂದ ಲಾಗಿನ್ ವಿವರ ಕದ್ದು, ಪಕ್ಕದ ಕಂಪ್ಯೂಟರಿನ ಅಡ್ಮಿನ್$ಗೆ ತನ್ನ ಪ್ರತಿ ಹಾಕಿ, ಪಿಎಸ್‌ಎಕ್ಸೆಕ್ ಮತ್ತು ಡಬ್ಲ್ಯುಎಂಐ ಅನ್ನುವ ವಿಂಡೋಸ್ ನಿರ್ವಹಣಾ ಸೌಲಭ್ಯದ ಮೂಲಕ ಓಡಿಸುತ್ತಿತ್ತು. ಅಪ್‌ಡೇಟ್ ಪೂರ್ತಿ ಆಗಿದ್ದ ಕಂಪ್ಯೂಟರ್‌ಗಳೂ ಹೀಗೆ ಬಿದ್ದವು. ಅದಕ್ಕೂ ಒಂದು ತಿಂಗಳು ಮೊದಲು ಬಂದ ವಾನ್ನಾಕ್ರೈಯನ್ನೂ ಜನ ಇದೇ ಲೆಕ್ಕಕ್ಕೆ ಸೇರಿಸುತ್ತಾರೆ, ಆದರೆ ಅದು ಬಂದದ್ದು ಎಸ್‌ಎಂಬಿ, ಅಂದರೆ ವಿಂಡೋಸ್ ಫೈಲ್ ಶೇರ್ ಮಾಡುವ ಪದ್ಧತಿ, ಅದರ ಮೊದಲ ಆವೃತ್ತಿಯಲ್ಲಿದ್ದ ತೂತಿನಿಂದ. ಅದಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ, ಸಿ$ ಮುಚ್ಚಿದ್ದರೂ ತಡೆಯುತ್ತಿರಲಿಲ್ಲ. ನಿಮ್ಮ ಹಳೇ ಕಂಪ್ಯೂಟರಿನಲ್ಲಿ ಆ ಮೊದಲ ಆವೃತ್ತಿ ಇನ್ನೂ ಚಾಲೂ ಇದ್ದರೆ ಇವತ್ತೇ ತೆಗೆದುಬಿಡಿ.

ಹಾಗಾದರೆ ಈ ಶೇರ್‌ಗಳನ್ನೇ ಕಿತ್ತುಹಾಕಿದರೆ? 'ನೆಟ್ ಶೇರ್ ಸಿ$ /ಡಿಲೀಟ್' ಕೊಟ್ಟರೆ ಹೋಗುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆದ ಕೂಡಲೇ ವಾಪಸ್ ಬರುತ್ತದೆ. ಕಾಯಂ ಆಗಿ ಬೇಡ ಅಂದರೆ ರಿಜಿಸ್ಟ್ರಿಯಲ್ಲಿ ಲ್ಯಾನ್‌ಮ್ಯಾನ್‌ಸರ್ವರ್ ಸರ್ವಿಸ್‌ನ ಪ್ಯಾರಾಮೀಟರ್ಸ್ ಜಾಗದಲ್ಲಿ 'ಆಟೋಶೇರ್‌ಡಬ್ಲ್ಯುಕೆಎಸ್' ಅನ್ನುವ ಡಿವರ್ಡ್‌ಗೆ 0 ಕೊಡಬೇಕು, ಸರ್ವರ್ ಆವೃತ್ತಿಯಾದರೆ 'ಆಟೋಶೇರ್‌ಸರ್ವರ್'. ಐಪಿಸಿ$ ಆಗಲೂ ಉಳಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಇದು ದಂಡದ ಕೆಲಸ. ಅಡ್ಮಿನ್ ಅಧಿಕಾರ ಕೈಗೆ ಸಿಕ್ಕವನು ಐಪಿಸಿ$ ಮೂಲಕವೇ ಹೊಸ ಶೇರ್ ಮಾಡಿಕೊಳ್ಳಬಲ್ಲ. ಮಧ್ಯೆ ಬ್ಯಾಕಪ್, ರಿಮೋಟ್ ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್‌ಗಳು ಕೆಡುತ್ತವೆ, ಯಾಕೆ ಅಂತ ನಿಮಗೆ ಆರು ತಿಂಗಳಾದ ಮೇಲೆ ನೆನಪೂ ಇರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಸಿ$ ನಿಜಕ್ಕೂ ಬೇಕೇ ಅಂತ ಕೇಳಿಕೊಳ್ಳುತ್ತಿದ್ದೆ. ದಿನಾ ನಾಲ್ಕು ಫೈಲ್ ಆಚೀಚೆ ಮಾಡುವುದಕ್ಕಾದರೆ ಬೇಡ. ಒಂದು ಫೋಲ್ಡರ್ ಶೇರ್ ಮಾಡಿ, ಅದಕ್ಕೆ ಅಂತಲೇ ಒಂದು ಸಾದಾ ಅಕೌಂಟ್ ಮಾಡಿ, ಅಷ್ಟಕ್ಕೆ ಮಾತ್ರ ಅನುಮತಿ ಕೊಡಿ. ಲಾಗ್ ನೋಡಬೇಕು, ಕೆಟ್ಟ ಸಾಫ್ಟ್‌ವೇರಿನ ಫೈಲ್ ಬದಲಾಯಿಸಬೇಕು, ಯಾರದೋ ಪ್ರೊಫೈಲ್ ಕಾಪಿ ಮಾಡಬೇಕು ಅನ್ನುವ ಕೆಲಸ ಪದೇ ಪದೇ ಬರುತ್ತದೆ ಅಂದರೆ ಮಾತ್ರ ಆ ಕೀಲಿಗೆ 1 ಕೊಡಿ. ಕೊಡುವ ಮೊದಲು ಒಂದೊಂದು ಕಂಪ್ಯೂಟರಿಗೂ ಬೇರೆ ಬೇರೆ ಉದ್ದದ ಪಾಸ್‌ವರ್ಡ್ ಇಟ್ಟು ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಬರೆದಿಡಿ. ಇದೇ ಕೆಲಸವನ್ನು ತಾನಾಗೇ ಮಾಡುವ ಲ್ಯಾಪ್ಸ್ ಅನ್ನುವುದು 2023ರ ಏಪ್ರಿಲ್‌ನಿಂದ ವಿಂಡೋಸ್ ಒಳಗೇ ಬಂದಿದೆ, ಆದರೆ ಪಾಸ್‌ವರ್ಡ್ ಇಡಲು ಅದಕ್ಕೆ ಆಕ್ಟಿವ್ ಡೈರೆಕ್ಟರಿ ಅಥವಾ ಎಂಟ್ರಾ ಐಡಿ ಅನ್ನುವ ಮೈಕ್ರೋಸಾಫ್ಟಿನ ಅಕೌಂಟ್ ನಿರ್ವಹಣಾ ವ್ಯವಸ್ಥೆ ಬೇಕು, ಬರೀ ವರ್ಕ್‌ಗ್ರೂಪ್‌ಗೆ ಆಗಿಬರುವುದಿಲ್ಲ.

ಆಮೇಲೆ ಫೈರ್‌ವಾಲ್. ಇದನ್ನು ಮಾತ್ರ ಬಿಡಬೇಡಿ. ಫೈರ್‌ವಾಲ್‌ನ ಅಡ್ವಾನ್ಸ್ಡ್ ಕಿಟಕಿಯಲ್ಲಿ 'ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ (ಎಸ್‌ಎಂಬಿ-ಇನ್)' ಅನ್ನುವ ನಿಯಮ ಹುಡುಕಿ, ಪ್ರೈವೇಟ್ ಪ್ರೊಫೈಲಿನದ್ದು. ಅದರ 'ಸ್ಕೋಪ್' ಹಾಳೆಯಲ್ಲಿ ರಿಮೋಟ್ ಐಪಿ ಜಾಗಕ್ಕೆ ನಿಮ್ಮ ಕಂಪ್ಯೂಟರಿನ ಐಪಿ ಒಂದನ್ನೇ ಹಾಕಿ, ನಿಮ್ಮ ಐಪಿ ಬದಲಾಗದ ಹಾಗೆ ರೂಟರಿನಲ್ಲಿ ಕಾಯಂ ಮಾಡಿ. ಈಗ ನಿಮ್ಮದನ್ನು ಬಿಟ್ಟು ಬೇರೆ ಯಾವ ಕಂಪ್ಯೂಟರ್ ಕೆಟ್ಟರೂ ಅದು ಪಕ್ಕದ ಕಂಪ್ಯೂಟರಿನ 445ಕ್ಕೆ ಕೈಹಾಕಲು ಆಗುವುದಿಲ್ಲ. ಯಾವುದರಿಂದ ಇತರರು ಪ್ರಿಂಟರ್ ಅಥವಾ ಫೋಲ್ಡರ್ ಬಳಸುತ್ತಾರೋ ಅದೊಂದನ್ನು ಹೀಗೆ ಬಿಗಿ ಮಾಡಬೇಡಿ, ಮರುದಿನ ಎಲ್ಲರೂ ನಿಮ್ಮ ಮೇಜಿನ ಮುಂದೆ ನಿಂತಿರುತ್ತಾರೆ. ಆ ಹಳೇ ಕಂಪ್ಯೂಟರಿನಲ್ಲಿ ಬೇರೊಂದು ಅಡ್ಮಿನ್ ಅಕೌಂಟ್ ಇದೆ ಅಂತ ಖಾತ್ರಿ ಮಾಡಿಕೊಂಡು 'ನೆಟ್ ಯೂಸರ್ ಅಡ್ಮಿನಿಸ್ಟ್ರೇಟರ್ /ಆಕ್ಟಿವ್:ನೋ' ಕೊಟ್ಟುಬಿಡಿ.

ಸಿ$ ತೆರೆದ ಮೇಲೆ ಕೈ ಸ್ವಲ್ಪ ಬಿಗಿ ಇರಲಿ. ಅಲ್ಲಿ ಯುಎಸಿ ಕೇಳುವುದಿಲ್ಲ ಅಂತ ಮೇಲೇ ಹೇಳಿದೆ, ಪೂರ್ತಿ ಅಧಿಕಾರದಲ್ಲೇ ಓಡಾಡುತ್ತಿರುತ್ತೀರಿ. ನೆಟ್‌ವರ್ಕಿನಿಂದ ಅಳಿಸಿದ ಫೈಲ್ ನಿಮ್ಮ ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ, ಅವರದಕ್ಕೂ ಹೋಗುವುದಿಲ್ಲ, ಹೋದರೆ ಹೋಯಿತು. 'ಯೂಸರ್ಸ್' ಫೋಲ್ಡರಿನಲ್ಲಿ ಎಲ್ಲರ ಡೆಸ್ಕ್‌ಟಾಪ್, ಡೌನ್‌ಲೋಡ್ ಬಿಚ್ಚಿಟ್ಟ ಹಾಗೆ ಕಾಣುತ್ತವೆ. ಕೆಲಸ ಮಾಡುವವರಿಗೆ ನಾನು ಹೀಗೆ ನೋಡಬಲ್ಲೆ ಅಂತ ಮೊದಲೇ ತಿಳಿಸಿಬಿಡಿ, ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ.

ಯಾರು ಯಾವಾಗ ಬಂದರು ಅಂತ ಆ ಕಂಪ್ಯೂಟರಿನಲ್ಲೇ ದಾಖಲೆ ಇಡಬಹುದು. ಆಡಿಟ್ ಪಾಲಿಸಿಯಲ್ಲಿ 'ಫೈಲ್ ಶೇರ್' ಅನ್ನುವುದನ್ನು ಚಾಲೂ ಮಾಡಿದರೆ ಇವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 5140 ಅಂತ ಬೀಳುತ್ತದೆ, ಶೇರ್ ಹೆಸರು, ಅಕೌಂಟ್, ಎಲ್ಲಿಂದ ಬಂದರು ಅನ್ನುವ ಐಪಿ ಸಮೇತ. ಅದರಲ್ಲಿ ಸಿ$ ಅಥವಾ ಅಡ್ಮಿನ್$ ಪಕ್ಕ ನಿಮ್ಮದಲ್ಲದ ಐಪಿ ಕಂಡರೆ ಮೊದಲು ಆ ಐಪಿಯ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಇದ್ದರೆ ಅದನ್ನೂ ಆರಿಸಿ, ಮಿಕ್ಕ ವಿಚಾರಣೆ ಆಮೇಲೆ.